ಕಡತದ ಕೀಲಿ ಯಾರ ಕೈಯಲ್ಲಿ?

ಗ್ರಾಮ ಪಂಚಾಯತ್ ಕಂಪ್ಯೂಟರಿನ ಕಡತ ಹಾಗೂ ಫೋಲ್ಡರುಗಳ ಅನುಮತಿ ನಿರ್ವಹಣೆ ಕುರಿತ ಉಪನ್ಯಾಸದ ಪಠ್ಯ
(ಗ್ರಾಮ ಪಂಚಾಯತ್ ಸದಸ್ಯರ ಅವಗಾಹನೆಗಾಗಿ)



ದಾಖಲೆಯ ಬೆಲೆ ಏನೆಂಬುದನ್ನು ಕುಂದಾಪುರ ಸೀಮೆಯ ಹಿರಿಯ ತಲೆಮಾರಿಗೆ ವಿವರಿಸಿ ಹೇಳಬೇಕಾಗಿಲ್ಲ. ಭೂಸುಧಾರಣಾ ತಿದ್ದುಪಡಿ 1974ರ ಮಾರ್ಚ್ 1ರಿಂದ ಜಾರಿಗೆ ಬಂದಾಗ ಗುಲ್ವಾಡಿಯೂ ಸೇರಿದಂತೆ ಈ ಭಾಗದ ಗ್ರಾಮಗಳು ಅವಿಭಜಿತ ದಕ್ಷಿಣ ಕನ್ನಡ ಜಿಲ್ಲೆಯಲ್ಲಿದ್ದವು. ಗೇಣಿದಾರರು ನಮೂನೆ 7ರಲ್ಲಿ ಅರ್ಜಿ ಸಲ್ಲಿಸಿ, ಭೂನ್ಯಾಯ ಮಂಡಳಿಯ ಮುಂದೆ ತಮ್ಮ ಹಕ್ಕನ್ನು ಸ್ಥಾಪಿಸಬೇಕಾಯಿತು. ಪಹಣಿಯ ಸಾಗುವಳಿ ಕಾಲಂನಲ್ಲಿ ಯಾರ ಹೆಸರು ಬರೆದಿದೆ, ಗೇಣಿಚೀಟು ಯಾರ ಬಳಿ ಉಳಿದಿದೆ ಎಂಬ ಮಾತಿಗೆ ಒಂದು ಕುಟುಂಬದ ಬಾಳಿನಷ್ಟೇ ತೂಕವಿತ್ತು. ಪುಸ್ತಕದಲ್ಲಿ ಬರೆಯುವ ಅಧಿಕಾರ ಯಾರಿಗಿತ್ತು, ಅದನ್ನು ನೋಡುವ ಅವಕಾಶ ಯಾರಿಗಿತ್ತು, ತಿದ್ದಿದರೆ ಅದು ಯಾರಿಗೆ ಗೊತ್ತಾಗುತ್ತಿತ್ತು ಎಂಬ ಮೂರು ಪ್ರಶ್ನೆಗಳು ಅಂದು ಗ್ರಾಮದ ನ್ಯಾಯವನ್ನು ನಿರ್ಧರಿಸುತ್ತಿದ್ದವು.

ಇಂದು ಪುಸ್ತಕದ ಸ್ಥಾನಕ್ಕೆ ಕಂಪ್ಯೂಟರ್ ಬಂದಿದೆ. ಆದರೆ ಆ ಮೂರು ಪ್ರಶ್ನೆಗಳು ಹಾಗೆಯೇ ಉಳಿದಿವೆ. ಕಡತವನ್ನು ಯಾರು ಓದಬಹುದು, ಯಾರು ತಿದ್ದಬಹುದು, ಯಾರು ಅಳಿಸಬಹುದು ಎಂಬುದನ್ನು ಕಂಪ್ಯೂಟರಿಗೆ ಮೊದಲೇ ತಿಳಿಸಿಡುವ ವ್ಯವಸ್ಥೆಗೆ ‘ಅನುಮತಿ’ ಎಂದು ಹೆಸರು. ಇದು ತಂತ್ರಜ್ಞರ ಕೆಲಸವೆಂದು ಬದಿಗಿಡತಕ್ಕ ವಿಷಯವಲ್ಲ. ಯಾವ ನೌಕರರಿಗೆ ಎಷ್ಟು ಅಧಿಕಾರ ಎಂಬ ತೀರ್ಮಾನ ಆಡಳಿತದ ತೀರ್ಮಾನ. ಆ ತೀರ್ಮಾನವನ್ನು ಕಂಪ್ಯೂಟರಿನಲ್ಲಿ ದಾಖಲಿಸಲು ಇಂದು ಒಂದು ಸಾಲು ಆದೇಶವನ್ನೂ ಟೈಪು ಮಾಡಬೇಕಾಗಿಲ್ಲ. ಪರದೆಯ ಮೇಲೆ ತೆರೆದುಕೊಳ್ಳುವ ಒಂದು ಕಿಟಕಿಯಲ್ಲಿ ಹೆಸರು ಆರಿಸಿ, ಚೌಕದಲ್ಲಿ ಸರಿ ಗುರುತು ಹಾಕಿದರೆ ಸಾಕು. ಆದುದರಿಂದಲೇ ಆ ಕಿಟಕಿಯನ್ನು ತೆರೆದು ತೋರಿಸುವಂತೆ ಕೇಳಿ ಓದಿಕೊಳ್ಳುವುದು ಚುನಾಯಿತ ಸದಸ್ಯರಿಗೂ ಸಾಧ್ಯ.

ಭೂಮಿ ಯೋಜನೆ ಕಲಿಸಿದ ಪಾಠ

ಕರ್ನಾಟಕದಲ್ಲಿ ಈ ವಿಷಯದ ಮೊದಲ ದೊಡ್ಡ ಪಾಠ ಕಂದಾಯ ಇಲಾಖೆಯ ‘ಭೂಮಿ’ ಯೋಜನೆಯಿಂದ ಬಂದಿದೆ. ಸುಮಾರು 67 ಲಕ್ಷ ಭೂಮಾಲೀಕರಿಗೆ ಸೇರಿದ 2 ಕೋಟಿಯಷ್ಟು ಪಹಣಿಗಳನ್ನು ಕಂಪ್ಯೂಟರಿಗೆ ಏರಿಸಿದಾಗ, ದಾಖಲೆಯನ್ನು ತಿದ್ದುವ ನೌಕರರಿಗೆ ಕೇವಲ ಪಾಸ್‌ವರ್ಡ್ ಕೊಟ್ಟು ಬಿಡಲಿಲ್ಲ. ಅವರು ಬೆರಳಚ್ಚು ಒತ್ತಿಯೇ ಒಳಗೆ ಹೋಗಬೇಕೆಂಬ ಏರ್ಪಾಡು ಮಾಡಲಾಯಿತು. ಕಾರಣ ಸರಳ. ಪಾಸ್‌ವರ್ಡನ್ನು ಪಕ್ಕದ ಮೇಜಿನವರಿಗೆ ಹೇಳಬಹುದು. ಅನಂತರ ‘ಆ ತಿದ್ದುಪಡಿ ನಾನು ಮಾಡಿದ್ದಲ್ಲ’ ಎನ್ನಲೂಬಹುದು. ಬೆರಳನ್ನು ಹಾಗೆ ಎರವಲು ಕೊಡಲಾಗದು.

ಆ ಪಾಠದ ಸಾರ ಇಷ್ಟು: ಅನುಮತಿ ಕೊಡುವುದಕ್ಕೆ ಮೊದಲು ಕಂಪ್ಯೂಟರಿನ ಮುಂದೆ ಕುಳಿತವರು ಯಾರೆಂಬುದು ಖಚಿತವಾಗಬೇಕು. ಕಚೇರಿಯ ಎಲ್ಲರೂ ಒಂದೇ ಹೆಸರಿನಲ್ಲಿ, ಒಂದೇ ಪಾಸ್‌ವರ್ಡಿನಲ್ಲಿ ಕೆಲಸ ಮಾಡುವಲ್ಲಿ ಮುಂದೆ ಹೇಳಲಾಗುವ ಯಾವ ಏರ್ಪಾಡೂ ಫಲ ಕೊಡದು. ಕಂಪ್ಯೂಟರಿನ ದೃಷ್ಟಿಯಲ್ಲಿ ಅಲ್ಲಿ ಇರುವುದು ಒಬ್ಬರೇ.

ಪಂಚಾಯತ್ ದಾಖಲೆ ಎಲ್ಲೆಲ್ಲಿ ಇದೆ?

ಗ್ರಾಮ ಪಂಚಾಯತಿನ ದಾಖಲೆ ಎರಡು ಕಡೆ ಹಂಚಿಹೋಗಿದೆ. ಪಂಚತಂತ್ರ, ಇ-ಸ್ವತ್ತು ಮುಂತಾದ ತಂತ್ರಾಂಶಗಳಲ್ಲಿ ನಮೂದಾಗುವ ವಿವರ ಸರ್ಕಾರದ ಸರ್ವರಿನಲ್ಲಿ ಇರುತ್ತದೆ. ಅಲ್ಲಿ ಯಾರಿಗೆ ಯಾವ ಪಾತ್ರವೆಂಬುದನ್ನು ತಂತ್ರಾಂಶವೇ ನಿಗದಿಪಡಿಸುತ್ತದೆ. ನಮೂನೆ 9 ಮತ್ತು ನಮೂನೆ 11ಕ್ಕೆ ಪಂಚಾಯತ್ ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿ ಬೀಳುತ್ತದೆ.

ಎರಡನೆಯದು ಕಚೇರಿಯ ಮೇಜಿನ ಮೇಲಿರುವ ಕಂಪ್ಯೂಟರಿನ ಒಳಗೇ ಇರುವ ಕಡತಗಳು. ಸ್ಕ್ಯಾನ್ ಮಾಡಿದ ಅರ್ಜಿಗಳು, ಮಳೆಹಾನಿ ಪಟ್ಟಿ, ವಸತಿ ಯೋಜನೆಯ ಫಲಾನುಭವಿಗಳ ಆಧಾರ್ ಹಾಗೂ ಬ್ಯಾಂಕ್ ಪಾಸ್‌ಪುಸ್ತಕದ ಪ್ರತಿ, ನೀರಿನ ಕರದ ಬಾಕಿ ಪಟ್ಟಿ, ಸಭಾ ನಡಾವಳಿಯ ಕರಡು, ಪತ್ರವ್ಯವಹಾರ ಎಲ್ಲವೂ ಇಲ್ಲಿ ಸೇರುತ್ತವೆ. ಸರ್ವರಿನಲ್ಲಿರುವ ದಾಖಲೆಗೆ ಸರ್ಕಾರದ ಕಾವಲಿದೆ. ಮೇಜಿನ ಕಂಪ್ಯೂಟರಿನಲ್ಲಿರುವ ದಾಖಲೆಗೆ ಪಂಚಾಯತ್ ಇಟ್ಟಷ್ಟೇ ಕಾವಲು. ಆಷಾಢದ ಗಾಳಿಮಳೆಗೆ ಮನೆಯ ಮಾಡು ಹಾರಿಹೋದ ಕುಟುಂಬ ತನ್ನ ಆಧಾರ್ ಸಂಖ್ಯೆ, ಖಾತೆ ಸಂಖ್ಯೆಗಳನ್ನು ಪಂಚಾಯತಿಗೆ ಕೊಡುವುದು ನಂಬಿಕೆಯಿಂದ. ಆ ಪಟ್ಟಿಯಲ್ಲಿ ಒಂದು ಸಾಲು ಅಳಿದುಹೋದರೆ ಪರಿಹಾರ ತಪ್ಪುತ್ತದೆ. ಪಟ್ಟಿ ಹೊರಗೆ ಹೋದರೆ ಆ ಕುಟುಂಬ ವಂಚಕರ ಕಣ್ಣಿಗೆ ಬೀಳುತ್ತದೆ.

ಕಿಟಕಿಯನ್ನು ತೆರೆಯುವ ಬಗೆ

ಗುಲ್ವಾಡಿಯಂತಹ ಗ್ರಾಮ ಪಂಚಾಯತ್ ಕಚೇರಿಗಳಲ್ಲಿ ಸಾಮಾನ್ಯವಾಗಿ ಬಳಕೆಯಲ್ಲಿರುವುದು ವಿಂಡೋಸ್. ಅದರಲ್ಲಿ ಕಡತಗಳನ್ನು ಇಡುವ ಎನ್‌ಟಿಎಫ್‌ಎಸ್ ಎಂಬ ಪದ್ಧತಿ 1993ರಲ್ಲಿ ಬಂತು. ಕರ್ನಾಟಕದ ಪಂಚಾಯತ್ ರಾಜ್ ಅಧಿನಿಯಮ ಜಾರಿಗೆ ಬಂದದ್ದೂ ಅದೇ ವರ್ಷ. ಪ್ರತಿಯೊಂದು ಕಡತ, ಪ್ರತಿಯೊಂದು ಫೋಲ್ಡರಿನೊಂದಿಗೂ ಯಾರಿಗೆ ಏನು ಅನುಮತಿ ಎಂಬ ಪಟ್ಟಿಯೊಂದನ್ನು ಈ ಪದ್ಧತಿ ಅಂಟಿಸಿಡುತ್ತದೆ.

ಆ ಪಟ್ಟಿಯನ್ನು ನೋಡುವ ಕ್ರಮ ಹೀಗಿದೆ. ಫೋಲ್ಡರಿನ ಮೇಲೆ ಮೌಸಿನ ಬಲಗುಂಡಿ ಒತ್ತಿ, ತೆರೆದ ಪಟ್ಟಿಯಲ್ಲಿ ‘ಪ್ರಾಪರ್ಟೀಸ್’ ಆರಿಸಬೇಕು. ಅಲ್ಲಿ ‘ಸೆಕ್ಯುರಿಟಿ’ ಎಂಬ ಪುಟವಿದೆ. ಮೇಲಿನ ಚೌಕದಲ್ಲಿ ಬಳಕೆದಾರರ ಮತ್ತು ಗುಂಪುಗಳ ಹೆಸರು, ಕೆಳಗಿನ ಚೌಕದಲ್ಲಿ ಆ ಹೆಸರಿಗಿರುವ ಅನುಮತಿಗಳು ಕಾಣುತ್ತವೆ. ಮೇಲಿನ ಒಂದೊಂದೇ ಹೆಸರನ್ನು ಒತ್ತುತ್ತಾ ಹೋದರೆ ಕೆಳಗಿನ ಸರಿ ಗುರುತುಗಳು ಬದಲಾಗುತ್ತವೆ. ಬದಲಾವಣೆ ಮಾಡಲು ‘ಎಡಿಟ್’ ಗುಂಡಿ, ಹೊಸ ಹೆಸರು ಸೇರಿಸಲು ‘ಆ್ಯಡ್’ ಗುಂಡಿ.

ಅನುಮತಿಯ ಹೆಸರುಗಳು ಇಂಗ್ಲಿಷಿನಲ್ಲಿದ್ದರೂ ಅರ್ಥ ಕಚೇರಿಗೆ ಪರಿಚಿತವಾದುದೇ. ‘ರೀಡ್’ ಎಂದರೆ ಕಡತವನ್ನು ಬಿಚ್ಚಿ ಓದಬಹುದು. ‘ಲಿಸ್ಟ್ ಫೋಲ್ಡರ್ ಕಂಟೆಂಟ್ಸ್’ ಎಂದರೆ ಒಳಗೆ ಏನೇನಿದೆ ಎಂಬ ಪಟ್ಟಿಯನ್ನು ನೋಡಬಹುದು. ‘ರೈಟ್’ ಎಂದರೆ ಹೊಸದನ್ನು ಸೇರಿಸಬಹುದು, ಇದ್ದುದನ್ನು ಬದಲಿಸಬಹುದು. ‘ಮಾಡಿಫೈ’ ಎಂದರೆ ಓದುವುದು, ಬರೆಯುವುದರೊಂದಿಗೆ ಅಳಿಸಿಹಾಕಲೂಬಹುದು. ‘ಫುಲ್ ಕಂಟ್ರೋಲ್’ ಎಂದರೆ ಇವೆಲ್ಲದರ ಮೇಲೆ ಇತರರ ಅನುಮತಿಯನ್ನೂ ಬದಲಿಸಬಹುದು. ಕೊನೆಯದು ಬೀರುವಿನ ಕೀಲಿಗೊಂಚಲನ್ನೇ ಕೈಗೆ ಕೊಟ್ಟಂತೆ. ದಿನನಿತ್ಯದ ಕೆಲಸಕ್ಕೆ ಅದು ಯಾರಿಗೂ ಬೇಕಾಗುವುದಿಲ್ಲ. ‘ಮಾಡಿಫೈ’ ಧಾರಾಳವಾಗಿ ಸಾಕಾಗುತ್ತದೆ.

‘ಪ್ರಾಪರ್ಟೀಸ್’ ಕಿಟಕಿಯ ಮೊದಲ ಪುಟದಲ್ಲಿ ‘ರೀಡ್ ಓನ್ಲಿ’, ‘ಹಿಡನ್’ ಎಂಬ ಎರಡು ಚೌಕಗಳಿವೆ. ಅವು ಅನುಮತಿಗಳಲ್ಲ. ಕಡತವನ್ನು ತಿದ್ದಬಲ್ಲ ಯಾರೇ ಆದರೂ ಆ ಗುರುತನ್ನು ತೆಗೆದುಹಾಕಬಲ್ಲರು. ಅಡಗಿಸಿಟ್ಟ ಕಡತವನ್ನು ಬೀಗ ಹಾಕಿದ ಕಡತವೆಂದು ತಿಳಿಯಬಾರದು.

ಮೊದಲು ಹೆಸರು, ಬಳಿಕ ಅನುಮತಿ

ಆದುದರಿಂದ ಮೊದಲ ಹೆಜ್ಜೆ, ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಬಳಕೆದಾರ ಖಾತೆ ತೆರೆಯುವುದು. ಅಭಿವೃದ್ಧಿ ಅಧಿಕಾರಿ, ಕಾರ್ಯದರ್ಶಿ, ಲೆಕ್ಕ ಸಹಾಯಕ, ಕರವಸೂಲಿಗಾರ, ಡಾಟಾ ಎಂಟ್ರಿ ಆಪರೇಟರ್ ಇವರಲ್ಲಿ ಒಬ್ಬೊಬ್ಬರಿಗೂ ಅವರದೇ ಖಾತೆ, ಅವರದೇ ಪಾಸ್‌ವರ್ಡ್ ಇರಬೇಕು. ಇವೆಲ್ಲ ಸಾಮಾನ್ಯ ದರ್ಜೆಯ ಖಾತೆಗಳಾಗಿರಬೇಕು. ‘ಅಡ್ಮಿನಿಸ್ಟ್ರೇಟರ್’ ದರ್ಜೆಯ ಖಾತೆ ಪ್ರತ್ಯೇಕವಾಗಿದ್ದು, ಅದರ ಪಾಸ್‌ವರ್ಡನ್ನು ಮುಚ್ಚಿದ ಲಕೋಟೆಯಲ್ಲಿ ಮೊಹರು ಮಾಡಿ ಅಭಿವೃದ್ಧಿ ಅಧಿಕಾರಿಯವರ ಸುಪರ್ದಿಯಲ್ಲಿ ಇಡುವುದು ಲೇಸು.

ಎರಡನೆಯ ಹೆಜ್ಜೆ ಗುಂಪು. ವ್ಯಕ್ತಿಯ ಹೆಸರಿಗಿಂತ ಹುದ್ದೆಯ ಹೆಸರಿನ ಗುಂಪಿಗೆ ಅನುಮತಿ ಕೊಡುವುದು ಉತ್ತಮ. ‘ಲೆಕ್ಕ’ ಎಂಬ ಗುಂಪಿಗೆ ಅನುಮತಿ ಕೊಟ್ಟಿದ್ದರೆ, ಲೆಕ್ಕ ಸಹಾಯಕರು ವರ್ಗವಾದ ದಿನ ಹಳೆಯ ಹೆಸರನ್ನು ಗುಂಪಿನಿಂದ ತೆಗೆದು ಹೊಸ ಹೆಸರನ್ನು ಸೇರಿಸಿದರೆ ಮುಗಿಯಿತು. ಹತ್ತಾರು ಫೋಲ್ಡರುಗಳನ್ನು ಹುಡುಕಿಕೊಂಡು ಹೋಗಬೇಕಾಗಿಲ್ಲ. ಗುಂಪುಗಳನ್ನು ರಚಿಸುವ ಕಿಟಕಿ ವಿಂಡೋಸಿನ ‘ಪ್ರೊ’ ಆವೃತ್ತಿಯಲ್ಲಿದೆ, ‘ಹೋಮ್’ ಆವೃತ್ತಿಯಲ್ಲಿ ಇಲ್ಲ. ಕಂಪ್ಯೂಟರ್ ಖರೀದಿಯ ಕಡತ ಸಭೆಯ ಮುಂದೆ ಬಂದಾಗ ಸದಸ್ಯರು ವಿಚಾರಿಸಬೇಕಾದ ಅಂಶಗಳಲ್ಲಿ ಇದೂ ಒಂದು. ವಿಂಡೋಸ್ 10ಕ್ಕೆ ಸಾಮಾನ್ಯ ಬೆಂಬಲ 2025ರ ಅಕ್ಟೋಬರ್ 14ಕ್ಕೆ ಮುಗಿದಿರುವುದನ್ನೂ ಆಗ ನೆನಪಿಡಬೇಕು.

ಐದು ಫೋಲ್ಡರುಗಳ ಮಾದರಿ

ಒಂದು ಸಣ್ಣ ಕಚೇರಿಗೆ ಐದು ಫೋಲ್ಡರುಗಳ ಏರ್ಪಾಡು ಸಾಕು.

1. ಸಾರ್ವಜನಿಕ: ಅನುಮೋದಿತ ಕ್ರಿಯಾಯೋಜನೆ, ಗ್ರಾಮಸಭೆಯ ನೋಟೀಸು, ಅಂಗೀಕೃತ ಫಲಾನುಭವಿ ಪಟ್ಟಿ. ಎಲ್ಲ ಖಾತೆಗಳಿಗೂ ಓದುವ ಅನುಮತಿ. ಸೇರಿಸುವ ಅನುಮತಿ ಕಾರ್ಯದರ್ಶಿಗೆ.

2. ನಮೂನೆಗಳು: ಖಾಲಿ ಅರ್ಜಿ ನಮೂನೆಗಳು. ಎಲ್ಲರಿಗೂ ಓದುವ ಅನುಮತಿ ಮಾತ್ರ. ಹಾಗಾದಾಗ ಮೂಲ ನಮೂನೆಯ ಮೇಲೆಯೇ ಯಾರದೋ ಹೆಸರು ತುಂಬಿ ಕೆಡುವುದು ತಪ್ಪುತ್ತದೆ.

3. ಕರ ಬೇಡಿಕೆ ಮತ್ತು ವಸೂಲಿ: ತಿದ್ದುವ ಅನುಮತಿ ಲೆಕ್ಕ ಗುಂಪಿಗೆ, ಕರವಸೂಲಿಗಾರರಿಗೆ ಓದುವ ಅನುಮತಿ. ಹಣ ವಸೂಲು ಮಾಡುವವರು ಮತ್ತು ಬಾಕಿಯ ಮೊತ್ತ ತಿದ್ದುವವರು ಬೇರೆ ಬೇರೆಯಾಗಿರುವುದು ಲೆಕ್ಕಪತ್ರದ ಹಳೆಯ ನಿಯಮ. ಈ ಎರಡು ಗುರುತುಗಳು ಆ ನಿಯಮವನ್ನು ಕಂಪ್ಯೂಟರಿನಲ್ಲಿ ಪಾಲಿಸುತ್ತವೆ.

4. ಅರ್ಜಿಗಳು ಮತ್ತು ವೈಯಕ್ತಿಕ ದಾಖಲೆ: ಆಧಾರ್, ಪಾಸ್‌ಪುಸ್ತಕ, ವೈದ್ಯಕೀಯ ಪ್ರಮಾಣಪತ್ರಗಳಿರುವ ಕಡತಗಳು. ಅಭಿವೃದ್ಧಿ ಅಧಿಕಾರಿ ಹಾಗೂ ಆ ಕೆಲಸ ವಹಿಸಿಕೊಂಡ ಆಪರೇಟರಿಗೆ ಮಾತ್ರ ಅನುಮತಿ. ಉಳಿದವರ ಹೆಸರೇ ಪಟ್ಟಿಯಲ್ಲಿ ಇರಬಾರದು.

5. ಸಭಾ ನಡಾವಳಿ: ಒಳಗೆ ಎರಡು ಫೋಲ್ಡರುಗಳು. ‘ಕರಡು’ ಫೋಲ್ಡರಿನಲ್ಲಿ ಕಾರ್ಯದರ್ಶಿಗೆ ತಿದ್ದುವ ಅನುಮತಿ. ಸಭೆ ದೃಢೀಕರಿಸಿದ ನಡಾವಳಿ ‘ದೃಢೀಕೃತ’ ಫೋಲ್ಡರಿಗೆ ಹೋದ ಮೇಲೆ ಎಲ್ಲರಿಗೂ ಓದುವ ಅನುಮತಿ ಮಾತ್ರ. ಅಲ್ಲಿಗೆ ಕಡತ ಸೇರಿಸುವುದು ಅಭಿವೃದ್ಧಿ ಅಧಿಕಾರಿಯವರ ಹೊಣೆ. ಸಭೆ ಒಪ್ಪಿದ ಠರಾವಿನ ಪ್ರತಿಯಲ್ಲಿ ಅನಂತರ ಒಂದು ಪದವೂ ಬದಲಾಗದಂತೆ ನೋಡಿಕೊಳ್ಳಲು ಇದಕ್ಕಿಂತ ಸುಲಭವಾದ ಉಪಾಯವಿಲ್ಲ.

ಎಡವುವ ಜಾಗಗಳು

ಈ ಏರ್ಪಾಡಿನಲ್ಲಿ ಹೆಚ್ಚಾಗಿ ಎಡವುವುದು ‘ವಾರಸಿಕೆ’ಯ ವಿಷಯದಲ್ಲಿ. ತಂದೆಯ ಆಸ್ತಿ ಮಕ್ಕಳಿಗೆ ಇಳಿದು ಬರುವಂತೆ, ಮೇಲಿನ ಫೋಲ್ಡರಿನ ಅನುಮತಿ ಒಳಗಿನ ಫೋಲ್ಡರುಗಳಿಗೆ ತಾನಾಗಿ ಇಳಿಯುತ್ತದೆ. ಡಿ ಡ್ರೈವಿನಲ್ಲಿ ಹೊಸ ಫೋಲ್ಡರ್ ತೆರೆದಾಗ, ಲಾಗಿನ್ ಆದ ಯಾರಾದರೂ ತಿದ್ದಬಹುದೆಂಬ ಅನುಮತಿ ಸಾಮಾನ್ಯವಾಗಿ ಹೀಗೆಯೇ ಬಂದು ಕುಳಿತಿರುತ್ತದೆ. ಪಟ್ಟಿಯಲ್ಲಿ ‘ಆಥೆಂಟಿಕೇಟೆಡ್ ಯೂಸರ್ಸ್’, ‘ಯೂಸರ್ಸ್’ ಅಥವಾ ‘ಎವ್ರಿವನ್’ ಎಂಬ ಹೆಸರು ಉಳಿದಿರುವಷ್ಟು ಕಾಲ, ಎಷ್ಟು ಎಚ್ಚರದಿಂದ ಗುಂಪು ರಚಿಸಿದ್ದರೂ ಬಾಗಿಲು ತೆರೆದೇ ಇರುತ್ತದೆ. ಇದನ್ನು ಸರಿಪಡಿಸಲು ‘ಸೆಕ್ಯುರಿಟಿ’ ಪುಟದ ‘ಅಡ್ವಾನ್ಸ್ಡ್’ ಗುಂಡಿ ಒತ್ತಿ, ‘ಡಿಸೇಬಲ್ ಇನ್‌ಹೆರಿಟೆನ್ಸ್’ ಆರಿಸಿ, ಇಳಿದುಬಂದ ಅನುಮತಿಗಳನ್ನು ಸ್ವಂತ ಅನುಮತಿಗಳಾಗಿ ಪರಿವರ್ತಿಸಿಕೊಂಡು, ಬೇಡದ ಹೆಸರುಗಳನ್ನು ತೆಗೆದುಹಾಕಬೇಕು. ‘ಸಿಸ್ಟಮ್’ ಮತ್ತು ‘ಅಡ್ಮಿನಿಸ್ಟ್ರೇಟರ್ಸ್’ ಎಂಬ ಎರಡು ಹೆಸರುಗಳನ್ನು ಮಾತ್ರ ಮುಟ್ಟಬಾರದು.

‘ಡಿನೈ’ ಎಂಬ ಕಾಲಂ ಇನ್ನೊಂದು ಎಡವುವ ಜಾಗ. ಒಂದೇ ಫೋಲ್ಡರಿನಲ್ಲಿ ಒಬ್ಬರಿಗೆ ಒಂದು ಗುಂಪಿನ ಮೂಲಕ ಅನುಮತಿಯೂ ಇನ್ನೊಂದು ಗುಂಪಿನ ಮೂಲಕ ನಿರಾಕರಣೆಯೂ ಇದ್ದರೆ ನಿರಾಕರಣೆಯೇ ಗೆಲ್ಲುತ್ತದೆ. ‘ಎವ್ರಿವನ್’ ಹೆಸರಿಗೆ ‘ಡಿನೈ’ ಗುರುತು ಹಾಕಿದರೆ ಅಭಿವೃದ್ಧಿ ಅಧಿಕಾರಿಯವರೂ ಹೊರಗುಳಿಯುತ್ತಾರೆ. ಬೇಡದವರ ಹೆಸರನ್ನು ಪಟ್ಟಿಯಿಂದ ತೆಗೆದರೆ ಸಾಕು. ‘ಡಿನೈ’ ಬಳಸುವ ಸಂದರ್ಭ ಬಲು ಅಪರೂಪ. ಎಲ್ಲ ಗುರುತು ಹಾಕಿದ ಮೇಲೆ ಒಬ್ಬ ನೌಕರರಿಗೆ ನಿಜವಾಗಿ ಏನು ಅನುಮತಿ ಉಳಿಯಿತೆಂಬುದನ್ನು ‘ಅಡ್ವಾನ್ಸ್ಡ್’ ಕಿಟಕಿಯ ‘ಎಫೆಕ್ಟಿವ್ ಆ್ಯಕ್ಸೆಸ್’ ಪುಟ ತೋರಿಸುತ್ತದೆ. ಸದಸ್ಯರು ನೋಡಬೇಕಾದ ಪುಟ ಒಂದೇ ಎಂದಾದರೆ ಅದು ಇದೇ.

ಪೆನ್‌ಡ್ರೈವಿನ ಮಾತು ಬೇರೆ. ಅಂಗಡಿಯಿಂದ ತಂದ ಪೆನ್‌ಡ್ರೈವ್ ಸಾಮಾನ್ಯವಾಗಿ ಬೇರೆ ಪದ್ಧತಿಯಲ್ಲಿ ಸಿದ್ಧವಾಗಿದ್ದು, ಅದರಲ್ಲಿ ಈ ಬಗೆಯ ಅನುಮತಿ ಪಟ್ಟಿಗೆ ಜಾಗವೇ ಇಲ್ಲ. ಕಡತ ಅದಕ್ಕೆ ನಕಲಾದ ಕ್ಷಣ ಎಲ್ಲ ನಿರ್ಬಂಧಗಳೂ ಕಳಚಿಬೀಳುತ್ತವೆ. ವಾಟ್ಸ್‌ಆ್ಯಪ್ ಗುಂಪಿಗೆ ಕಳುಹಿಸಿದ ಪಟ್ಟಿಯ ಗತಿಯೂ ಇದೇ. ಗೂಗಲ್ ಡ್ರೈವಿನಲ್ಲಿ ಹಂಚಿಕೊಳ್ಳುವಾಗ ‘ಎನಿವನ್ ವಿತ್ ದ ಲಿಂಕ್’ ಎಂದು ಆರಿಸಿದರೆ ಕೊಂಡಿ ಸಿಕ್ಕಿದ ಯಾರಾದರೂ ಕಡತವನ್ನು ತೆರೆಯಬಹುದು. ‘ರಿಸ್ಟ್ರಿಕ್ಟೆಡ್’ ಎಂದು ಆರಿಸಿ, ಬೇಕಾದವರ ಹೆಸರು ಸೇರಿಸಿ, ಅವರಿಗೆ ‘ವ್ಯೂವರ್’ ಎಂಬ ಓದುವ ಪಾತ್ರವನ್ನಷ್ಟೇ ಕೊಡುವುದು ಕ್ಷೇಮ.

ಅನುಮತಿಗೂ ಒಂದು ಮಿತಿಯಿದೆ. ಅಡ್ಮಿನಿಸ್ಟ್ರೇಟರ್ ಖಾತೆ ಇರುವವರು ಯಾವ ಫೋಲ್ಡರಿನ ಒಡೆತನವನ್ನಾದರೂ ತಮ್ಮದಾಗಿಸಿಕೊಳ್ಳಬಲ್ಲರು. ಹಾರ್ಡ್ ಡಿಸ್ಕನ್ನು ಕಳಚಿ ಬೇರೆ ಯಂತ್ರಕ್ಕೆ ಜೋಡಿಸಿದರೆ ಅನುಮತಿಗಳು ತಡೆಯಾಗುವುದಿಲ್ಲ; ಅದಕ್ಕೆ ಬಿಟ್‌ಲಾಕರಿನಂತಹ ಗೂಢಲಿಪೀಕರಣ ಬೇಕು. ಯಾರು ಯಾವಾಗ ತಿದ್ದಿದರೆಂಬ ದಿನಚರಿಯನ್ನು ಅನುಮತಿ ಪಟ್ಟಿ ಬರೆದಿಡುವುದಿಲ್ಲ. ಅದಕ್ಕೆ ‘ಆಡಿಟಿಂಗ್’ ಎಂಬ ಪ್ರತ್ಯೇಕ ಏರ್ಪಾಡಿದೆ. ಡಿಸ್ಕ್ ಕೆಟ್ಟರೆ ಕಡತವನ್ನು ಮರಳಿ ತರುವುದು ಅನುಮತಿಯ ಕೆಲಸವಲ್ಲ. ಅದಕ್ಕೆ ಪ್ರತ್ಯೇಕ ಪ್ರತಿ ತೆಗೆದಿಡಬೇಕು, ಆ ಪ್ರತಿಯನ್ನು ಬೀಗದೊಳಗೆ ಇಡಬೇಕು.

ಲಿನಕ್ಸ್ ಬಳಸುವಲ್ಲಿ

ಸಿ-ಡ್ಯಾಕ್ ಸಂಸ್ಥೆ ರೂಪಿಸಿರುವ ಬಾಸ್ ಲಿನಕ್ಸಿನಲ್ಲಾಗಲಿ ಇತರ ಲಿನಕ್ಸಿನಲ್ಲಾಗಲಿ ಈ ಕೆಲಸ ಇನ್ನೂ ಸರಳ. ಅಲ್ಲಿಯೂ ಬಲಗುಂಡಿ ಒತ್ತಿ ‘ಪ್ರಾಪರ್ಟೀಸ್’ ತೆರೆದರೆ ‘ಪರ್ಮಿಶನ್ಸ್’ ಎಂಬ ಪುಟ ಸಿಗುತ್ತದೆ. ಅದರಲ್ಲಿ ಮೂರೇ ಪಂಗಡ: ಕಡತದ ಒಡೆಯರು, ಒಡೆಯರ ಗುಂಪು, ಉಳಿದವರೆಲ್ಲರು. ಪ್ರತಿ ಪಂಗಡಕ್ಕೂ ಓದುವ, ಬರೆಯುವ ಅನುಮತಿಯನ್ನು ಪಟ್ಟಿಯಿಂದ ಆರಿಸಬಹುದು. ಕೊನೆಯ ಪಂಗಡಕ್ಕೆ ‘ನನ್’, ಅಂದರೆ ‘ಏನೂ ಇಲ್ಲ’ ಎಂದು ಆರಿಸುವುದು ಖಾಸಗಿ ಕಡತಗಳ ಮೊದಲ ರಕ್ಷಣೆ.

ಮುಚ್ಚಿಡುವುದಕ್ಕಲ್ಲ, ಹೊಣೆ ಹೊರಿಸುವುದಕ್ಕೆ

ಅನುಮತಿಯ ಹೆಸರಿನಲ್ಲಿ ಸಾರ್ವಜನಿಕ ಮಾಹಿತಿಗೆ ಬೀಗ ಬೀಳಬಾರದು. 2005ರ ಮಾಹಿತಿ ಹಕ್ಕು ಅಧಿನಿಯಮದ 4ನೇ ಪ್ರಕರಣ, ಸಹಾಯಧನ ಯೋಜನೆಗಳ ಮೊತ್ತ ಮತ್ತು ಫಲಾನುಭವಿಗಳ ವಿವರವನ್ನು ಯಾರೂ ಕೇಳುವ ಮೊದಲೇ ಪ್ರಕಟಿಸಬೇಕೆನ್ನುತ್ತದೆ. ಯಾರಿಗೆ ಮನೆ ಮಂಜೂರಾಯಿತು, ಎಷ್ಟು ಹಣ ಬಂತು ಎಂಬುದು ಊರಿಗೆ ತಿಳಿಯಬೇಕು. ಅದೇ ಫಲಾನುಭವಿಯ ಆಧಾರ್ ಸಂಖ್ಯೆ, ಬ್ಯಾಂಕ್ ಖಾತೆ ಸಂಖ್ಯೆ ಊರಿಗೆ ತಿಳಿಯಬೇಕಾಗಿಲ್ಲ. ನಾಗರಿಕರ ವೈಯಕ್ತಿಕ ದತ್ತಾಂಶದ ರಕ್ಷಣೆಗೆಂದೇ 2023ರಲ್ಲಿ ಸಂಸತ್ತು ಪ್ರತ್ಯೇಕ ಅಧಿನಿಯಮವನ್ನು ಅಂಗೀಕರಿಸಿದೆ. ಒಂದೇ ಪಟ್ಟಿಯ ಎರಡು ಪ್ರತಿಗಳನ್ನು ಮಾಡಿ, ಸಂಖ್ಯೆಗಳಿಲ್ಲದ ಪ್ರತಿಯನ್ನು ‘ಸಾರ್ವಜನಿಕ’ ಫೋಲ್ಡರಿನಲ್ಲೂ ಪೂರ್ಣ ಪ್ರತಿಯನ್ನು ನಾಲ್ಕನೆಯ ಫೋಲ್ಡರಿನಲ್ಲೂ ಇಟ್ಟರೆ ಎರಡೂ ಕಾನೂನುಗಳ ಆಶಯ ನೆರವೇರುತ್ತದೆ.

ಇನ್ನೊಬ್ಬರ ಪಾಸ್‌ವರ್ಡನ್ನು ಅಥವಾ ವಿದ್ಯುನ್ಮಾನ ಸಹಿಯನ್ನು ಅಪ್ರಾಮಾಣಿಕವಾಗಿ ಬಳಸುವುದು ಮಾಹಿತಿ ತಂತ್ರಜ್ಞಾನ ಅಧಿನಿಯಮದ 66ಸಿ ಪ್ರಕರಣದಡಿ 3 ವರ್ಷಗಳವರೆಗಿನ ಸೆರೆವಾಸ ಮತ್ತು 1 ಲಕ್ಷ ರೂಪಾಯಿವರೆಗಿನ ದಂಡಕ್ಕೆ ಗುರಿಯಾಗುವ ಅಪರಾಧ. ಅಭಿವೃದ್ಧಿ ಅಧಿಕಾರಿಯವರ ಡಿಜಿಟಲ್ ಸಹಿಯ ಟೋಕನನ್ನು ಕಂಪ್ಯೂಟರಿಗೆ ಸಿಕ್ಕಿಸಿಟ್ಟು ಹೊರಗೆ ಹೋಗುವ ರೂಢಿ ಎಲ್ಲೇ ಇದ್ದರೂ ನಿಲ್ಲಬೇಕು.

ಪ್ರತ್ಯೇಕ ಖಾತೆಯ ಪ್ರಸ್ತಾಪ ಬಂದಾಗ ‘ನಮ್ಮ ಮೇಲೆ ಸಂಶಯವೇ?’ ಎಂದು ನೌಕರರಿಗೆ ಅನಿಸುವುದು ಸಹಜ. ಅನುಮತಿಯ ಏರ್ಪಾಡು ಮೊದಲು ಕಾಪಾಡುವುದು ಅವರನ್ನೇ. ಕರದ ಪಟ್ಟಿಯಲ್ಲಿ ಮೊತ್ತ ಬದಲಾದಾಗ, ಆ ಫೋಲ್ಡರನ್ನು ತಿದ್ದುವ ಅನುಮತಿಯೇ ಇಲ್ಲದ ಕರವಸೂಲಿಗಾರರ ಕಡೆಗೆ ಯಾರೂ ಬೆರಳು ತೋರಿಸಲಾರರು. ಎಲ್ಲರಿಗೂ ಎಲ್ಲವೂ ತೆರೆದಿರುವ ಕಚೇರಿಯಲ್ಲಿ ತಪ್ಪು ಒಬ್ಬರದಾದರೆ ಸಂಶಯ ಎಲ್ಲರ ಮೇಲೆ.

ಇದಕ್ಕೆ ವಿರುದ್ಧವಾದ ಅಪಾಯವೂ ಇದೆ. ಎಲ್ಲ ಕೀಲಿಗಳೂ ಒಬ್ಬ ಆಪರೇಟರಿನ ಕೈಯಲ್ಲೇ ಇದ್ದು, ಅವರು ಕೆಲಸ ಬಿಟ್ಟ ದಿನ ಪಂಚಾಯತ್ ತನ್ನದೇ ಕಡತದ ಮುಂದೆ ಕೈಕಟ್ಟಿ ನಿಲ್ಲಬೇಕಾದೀತು. ಕಡತವನ್ನು ಸೃಷ್ಟಿಸಿದ ಖಾತೆಯೇ ಅದರ ಒಡೆತನ ಹೊಂದಿರುತ್ತದೆ. ಆದುದರಿಂದ ಪ್ರಭಾರ ಹಸ್ತಾಂತರದ ಪಟ್ಟಿಯಲ್ಲಿ ಬೀರುವಿನ ಕೀಲಿ, ನಗದು ಪುಸ್ತಕ, ಮೊಹರುಗಳ ಜೊತೆಗೆ ಬಳಕೆದಾರ ಖಾತೆ, ಕಡತಗಳ ಒಡೆತನ ಮತ್ತು ಅನುಮತಿ ಪಟ್ಟಿಯೂ ಸೇರಬೇಕು.

ಸದಸ್ಯರ ಪಾಲಿನ ಕೆಲಸ

ಸದಸ್ಯರು ಕಂಪ್ಯೂಟರಿನ ಮುಂದೆ ಕುಳಿತು ಗುರುತು ಹಾಕಬೇಕಾಗಿಲ್ಲ, ತಿದ್ದುವ ಅನುಮತಿಯನ್ನು ಕೇಳಬೇಕಾಗಿಯೂ ಇಲ್ಲ. ಯಾವ ಫೋಲ್ಡರಿಗೆ ಯಾವ ಹುದ್ದೆಗೆ ಎಷ್ಟು ಅನುಮತಿ ಎಂಬ ಒಂದು ಪುಟದ ಪಟ್ಟಿಯನ್ನು ಸಾಮಾನ್ಯ ಸಭೆಯಲ್ಲಿ ಮಂಡಿಸಿ, ಠರಾವಿನ ಮೂಲಕ ಒಪ್ಪಿ, ನಡಾವಳಿಯಲ್ಲಿ ದಾಖಲಿಸುವುದು ಅವರ ಕೆಲಸ. ಮೂರು ತಿಂಗಳಿಗೊಮ್ಮೆ ಕಿಟಕಿಯನ್ನು ತೆರೆದು ತೋರಿಸುವಂತೆ ಕೇಳಿ, ಪರದೆಯ ಮೇಲಿನ ಪಟ್ಟಿ ಠರಾವಿನ ಪಟ್ಟಿಗೆ ತಾಳೆಯಾಗುತ್ತದೆಯೇ ಎಂದು ನೋಡಬೇಕು. ಆಗ ಕೇಳಬೇಕಾದ ಪ್ರಶ್ನೆಗಳು ಐದು:

1. ಕಂಪ್ಯೂಟರ್ ಬಳಸುವ ಪ್ರತಿಯೊಬ್ಬರಿಗೂ ಪ್ರತ್ಯೇಕ ಖಾತೆ ಇದೆಯೇ?
2. ವರ್ಗವಾದವರ, ಕೆಲಸ ಬಿಟ್ಟವರ ಖಾತೆಗಳು ಮುಚ್ಚಿವೆಯೇ?
3. ಆಧಾರ್ ಪ್ರತಿಗಳಿರುವ ಫೋಲ್ಡರಿನ ಪಟ್ಟಿಯಲ್ಲಿ ಯಾರ ಯಾರ ಹೆಸರಿದೆ?
4. ದೃಢೀಕೃತ ನಡಾವಳಿಯನ್ನು ತಿದ್ದಬಲ್ಲವರು ಯಾರು?
5. ಅಡ್ಮಿನಿಸ್ಟ್ರೇಟರ್ ಪಾಸ್‌ವರ್ಡಿನ ಲಕೋಟೆ ಎಲ್ಲಿದೆ, ಅದರ ಮೊಹರು ಹಾಗೆಯೇ ಇದೆಯೇ?

ಈ ಐದು ಪ್ರಶ್ನೆಗಳಿಗೆ ಉತ್ತರ ಪಡೆಯಲು ಅರ್ಧ ಗಂಟೆ ಸಾಕು. ಖರ್ಚಿಲ್ಲ, ಟೆಂಡರ್ ಬೇಕಾಗಿಲ್ಲ, ಹೊಸ ಯಂತ್ರವೂ ಬೇಕಾಗಿಲ್ಲ. ಮುಂದಿನ ಸಾಮಾನ್ಯ ಸಭೆಯ ವಿಷಯ ಸೂಚಿಯಲ್ಲಿ ಇದನ್ನು ಒಂದು ವಿಷಯವಾಗಿ ಸೇರಿಸಿಕೊಳ್ಳುವುದು, ತನ್ನ ಕಾಗದಪತ್ರವನ್ನು ಪಂಚಾಯತಿನ ಕೈಗಿಟ್ಟ ಪ್ರತಿಯೊಂದು ಮನೆಗೆ ಸಲ್ಲಬೇಕಾದ ಕರ್ತವ್ಯ.